ಉಪ್ಪು ಮರೆತ ನಾಲಿಗೆ

ಡಾಕ್ಟರು ನನ್ನ ಹೊಕ್ಕುಳ ಹತ್ತಿರ ಎರಡು ಬೆರಳಿಟ್ಟು "ಕೆಮ್ಮಿ" ಎಂದರು. ಕೆಮ್ಮಿದೆ. ನಿಂಬೆಹಣ್ಣಿನಷ್ಟು ದಪ್ಪದ ಗಡ್ಡೆ ಉಬ್ಬಿ ಬಂತು. ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಕೈ ತೊಳೆದುಕೊಂಡು ಬಂದು ಕೂತು, "ಹರ್ನಿಯಾ. ಆಪರೇಷನ್ ಮಾಡಲೇಬೇಕು. ಆದರೆ ಈಗ ಮಾಡಲ್ಲ" ಎಂದರು. ಹೊಸದುರ್ಗದಿಂದ ಚಿತ್ರದುರ್ಗದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ಮಾಡಲೇಬೇಕಂತೆ, ಆದರೆ ಮಾಡಲ್ಲವಂತೆ!

"ನೂರ ಹದಿನಾರು ಕೆಜಿ ಇದ್ದೀರಿ. ಬಿಪಿ ಬೇರೆ ಇದೆ. ಇಷ್ಟು ಬೊಜ್ಜಿನ ಹೊಟ್ಟೆಗೆ ಹೊಲಿಗೆ ಹಾಕಿದ್ರೆ ನಿಲ್ಲೋದು ಕಷ್ಟ. ನೂರಕ್ಕೆ ಇಳಿಸಿಕೊಂಡು ಬನ್ನಿ, ಮಾಡ್ತೀನಿ. ಅಲ್ಲೀತನಕ ಭಾರ ಎತ್ತಂಗಿಲ್ಲ. ಕರುಳು ಹೊರಗೆ ಬಂದು ಸಿಕ್ಕಿಹಾಕ್ಕೊಂಡ್ರೆ ಜೀವಕ್ಕೇ ಬರುತ್ತೆ."

ನಾನು ಮದುವೆ ಅಡಿಗೆಯವನು. ಆರುನೂರು ಜನರ ಸಾರಿನ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವವನು. ನನಗೆ ಭಾರ ಎತ್ತಬೇಡ ಎಂದರೆ ಮೀನಿಗೆ ನೀರಿಗಿಳಿಯಬೇಡ ಎಂದ ಹಾಗಾಯಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ನನ್ನ ಹೆಂಡತಿ, "ಆಯ್ತು ಸಾರ್, ಇಳಿಸ್ತಾರೆ. ನಾನು ಇಳಿಸಿಸ್ತೀನಿ" ಎಂದುಬಿಟ್ಟಳು. ಅವಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಅಂಗಿ ಗುಂಡಿ ಹಾಕಿಕೊಂಡು ಎದ್ದೆ.

ಅದೇ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಡಯಟ್ ಮೇಡಂ ಕೂರುತ್ತಿದ್ದರು. ನನ್ನ ಮಗಳ ವಯಸ್ಸು. ಇವರೇ ನನಗೆ ಪುಡಿ ಡಬ್ಬಿ ತೋರಿಸಿದ್ದು. ಊಟದ ಬದಲು ಕುಡಿಯುವ ಪುಡಿ. ಬೆಳಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ, ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ ಕುಡಿಯಬೇಕು. ಚಮಚ ಡಬ್ಬಿಯೊಳಗೇ ಇರುತ್ತದೆ, ಮೇಲೆ ಗುಡ್ಡೆಯಾಗದಂತೆ ಸವರಿ ಅಳೆಯಬೇಕು. ಮಧ್ಯಾಹ್ನ ಮಾತ್ರ ಊಟ: ಕಿತ್ತಳೆಹಣ್ಣಿನಷ್ಟು ಮುದ್ದೆ, ಒಂದು ಬಟ್ಟಲು ಸೊಪ್ಪು, ಒಂದು ಬಟ್ಟಲು ಬೇಳೆ. ಉಪ್ಪು ಇದ್ದೂ ಇಲ್ಲದಂತೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಕಣ್ಣೆತ್ತಿಯೂ ನೋಡಬಾರದು.

"ಮೇಡಂ, ಇದನ್ನ ಕುಡಿದ ಮೇಲೆ ತಿಂಡಿ ಎಷ್ಟೊತ್ತಿಗೆ ತಿನ್ಲಿ?" ಎಂದು ಕೇಳಿದೆ.

"ಇದೇ ತಿಂಡಿ."

"ಇದು ಕುಡಿಯಾದಲ್ವಾ ಮೇಡಂ?"

"ಕುಡಿಯೋದೇ. ತಿಂಡಿನೂ ಅದೇ."

ಮೊದಲನೇ ದಿನ ಬೆಳಗ್ಗೆ ಹೆಂಡತಿ ಕದಡಿ ಕೊಟ್ಟಳು. ಲೋಟದ ತುಂಬ ಗಂಟು. ಲೋಟಕ್ಕೆ ಪುಡಿ ಹಾಕಿ ಮೇಲೆ ನೀರು ಸುರಿದಿದ್ದಳು. ನೀರಿಗೆ ಪುಡಿ ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು ಎನ್ನುವುದು ರಾಗಿಹಿಟ್ಟಿನ ಅಂಬಲಿ ಮಾಡುವವರಿಗೆಲ್ಲ ಗೊತ್ತು. ಎರಡನೇ ದಿನದಿಂದ ನಾನೇ ಕಡಗೋಲು ಹಿಡಿದೆ. ಗಂಟು ಹೋಯಿತು, ನೊರೆ ಬಂತು. ಆದರೆ ಆ ವಾಸನೆ! ಐಸ್‌ಕ್ರೀಮ್ ಪಾತ್ರೆ ತೊಳೆದ ನೀರಿನ ವಾಸನೆ. ಮೂಗು ಮುಚ್ಚಿಕೊಂಡು ಕುಡಿದೆ. ಒಂದು ತಾಸಿಗೆಲ್ಲ ಹೊಟ್ಟೆ ಹುಲಿಯಂತೆ ಕೂಗಿತು.

ನಾಲ್ಕನೇ ದಿನ ತಡೆಯಲಾರದೆ ಆ ಪುಡಿನೀರಿಗೆ ಒಗ್ಗರಣೆ ಹಾಕಿದೆ. ಸಾಸಿವೆ, ಇಂಗು, ಕರಿಬೇವು, ಒಣಮೆಣಸು. ಕೈಗೆ ಬಂದ ವಿದ್ಯೆ ಸುಮ್ಮನಿರಬೇಕಲ್ಲ! ಬಿಸಿ ಒಗ್ಗರಣೆ ಬಿದ್ದದ್ದೇ ತಡ, ಲೋಟದಲ್ಲಿದ್ದದ್ದು ಒಡೆದ ಹಾಲಿನಂತೆ ಕಣಕಣವಾಗಿ ತೇಲಿತು. ವೆನಿಲಾ ವಾಸನೆ ಬೇರೆ, ಇಂಗಿನ ವಾಸನೆ ಬೇರೆ. ಅದನ್ನೂ ಬಿಡದೆ ಕುಡಿದೆ. ಇಂಗು ತಿಂದ ಮಂಗ ಎನ್ನುತ್ತಾರಲ್ಲ, ಆ ಮಂಗನ ಪಾಡು ಏನೆಂದು ಅವತ್ತು ಗೊತ್ತಾಯಿತು. ಮುಂದಿನ ಭೇಟಿಯಲ್ಲಿ ಮೇಡಂಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಒಗ್ಗರಣೆಗೆ ಎಣ್ಣೆ ಎಷ್ಟು ಹಾಕಿದ್ರಿ?" ಎಂದು ಮಾತ್ರ ಕೇಳಿದರು.

ಮೂರು ವಾರ ಹೀಗೆ ಹೊಟ್ಟೆ ಕಟ್ಟಿದೆ. ನಾನು ದಿನಸಿ ತರುವ ಸಗಟು ಅಂಗಡಿಯಲ್ಲಿ ಮೂಟೆ ತೂಗುವ ತಕ್ಕಡಿಯಿದೆ. ಅದರ ಮೇಲೆ ಹತ್ತಿ ನಿಂತೆ. ನೂರ ಹದಿನೈದೂವರೆ! ಮೂರು ವಾರದ ಉಪವಾಸಕ್ಕೆ ಅರ್ಧ ಕೆಜಿ. ಅಂಗಡಿಯವನು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಚಪ್ಪಲಿ ಬಿಟ್ಟು ಹತ್ತಣ್ಣ, ಇನ್ನೊಂದು ಅರ್ಧ ಕಮ್ಮಿ ಆಗತೈತೆ" ಎಂದ. ಕೋಪ ನೆತ್ತಿಗೇರಿತು. ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಮರುದಿನವೇ ಚಿತ್ರದುರ್ಗಕ್ಕೆ ಹೋದೆ.

"ಇದು ಮೋಸದ ಪುಡಿ ಮೇಡಂ. ಇಕಾ, ನೀವೇ ಇಟ್ಕಳ್ರಿ."

"ಹೇಳಿದಷ್ಟೇ ತಿಂತಿದೀರಾ?"

"ತಾಯಾಣೆ. ಮಧ್ಯಾಹ್ನ ಒಂದೊತ್ತು ಬಿಟ್ರೆ ಒಂದು ಅಗುಳು ಬಾಯಿಗಿಟ್ಟಿಲ್ಲ."

ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. "ಅಡಿಗೆ ಮಾಡುವಾಗ ರುಚಿ ನೋಡ್ತೀರಾ?"

"ನೋಡದೆ? ರುಚಿ ನೋಡಾದು ತಿನ್ನಾದಲ್ಲ ಮೇಡಂ, ಅದು ಕೆಲಸ."

ಆಗ ಅವರು ಒಂದು ಉಪಾಯ ಹೇಳಿದರು. ಮುಂದಿನ ಮದುವೆಯಲ್ಲಿ ಒಂದು ಚೊಂಬು ಪಕ್ಕದಲ್ಲಿಟ್ಟುಕೊಳ್ಳಬೇಕು. ಏನನ್ನು ಎಷ್ಟು ಬಾಯಿಗೆ ಹಾಕಿಕೊಳ್ಳುತ್ತೇನೋ ಅಷ್ಟನ್ನೇ ಆ ಚೊಂಬಿಗೂ ಹಾಕಬೇಕು. ಸಂಜೆ ಅದನ್ನು ನೋಡಬೇಕು. ಅಷ್ಟೇ.

ಹೊಳಲ್ಕೆರೆಯ ಮದುವೆಯಲ್ಲಿ ಹಾಗೇ ಮಾಡಿದೆ. ನಾವು ರುಚಿ ನೋಡುವುದು ಚಮಚದಲ್ಲಲ್ಲ. ಸೌಟಿನಿಂದ ಅಂಗೈ ಗುಳಿಗೆ ಬಿಟ್ಟುಕೊಂಡು ಸೊರ್ರನೆ ಹೀರುವುದು. ಬೇಳೆ ಬೆಂದಾಗ ಒಂದು ಸಲ, ಹುಳಿ ಹಾಕಿದ ಮೇಲೆ ಒಂದು ಸಲ, ಖಾರ ಬಿದ್ದ ಮೇಲೆ, ಉಪ್ಪು ಬಿದ್ದ ಮೇಲೆ, ಕುದಿ ಬಂದ ಮೇಲೆ, ಒಗ್ಗರಣೆ ಆದ ಮೇಲೆ. ಇದು ಬರಿ ಸಾರು. ಪಲ್ಯ ಇದೆ, ಚಿತ್ರಾನ್ನ ಇದೆ, ಪಾಯಸಕ್ಕೆ ಬೆಲ್ಲ ಸಾಕೋ ಸಾಲದೋ, ಬೋಂಡದ ಹಿಟ್ಟಿಗೆ ಸೋಡಾ ಹೆಚ್ಚಾಯಿತೋ ಎಂದು ಮೊದಲನೇ ಬೋಂಡ ಒಂದು, ಎಣ್ಣೆ ಸರಿಯಾಗಿ ಕಾದಿದೆಯೋ ಎಂದು ಎರಡನೆಯದು. ಎಲ್ಲದರದ್ದೂ ಒಂದೊಂದು ಪಾಲು ಚೊಂಬಿಗೆ ಬಿತ್ತು. ಹೆಣ್ಣಿನ ಕಡೆಯ ಮುದುಕಿಯೊಬ್ಬರು ನೋಡಿ ಹಿರೀಕರಿಗೆ ಎಡೆ ತೆಗೆದಿಡುತ್ತಿದ್ದೇನೆಂದು ತಿಳಿದು ಚೊಂಬಿಗೆ ಕೈಮುಗಿದು ಹೋದರು.

ಹಪ್ಪಳ ಕರಿಯುವ ಮೊದಲೇ ಚೊಂಬು ತುಂಬಿ ತುಳುಕಿತು. ಎರಡನೇ ಚೊಂಬು ಇಟ್ಟೆ. ಕೆಲಸ ಮುಗಿದ ಮೇಲೆ ಎರಡನ್ನೂ ಮುಂದಿಟ್ಟುಕೊಂಡು ಕೂತೆ. ಸಾರಿನ ಮೇಲೆ ಪಾಯಸದ ತುಪ್ಪ ತೇಲುತ್ತಿತ್ತು, ಬೋಂಡ ನೆನೆದು ದಪ್ಪಗಾಗಿತ್ತು. ಹಸುವಿನ ಮುಂದಿಟ್ಟರೆ ಮೂಸಿ ನೋಡಿ ಹಿಂದೆ ಸರಿಯುವಂತಿತ್ತು. ಇಷ್ಟೂ ನನ್ನ ಹೊಟ್ಟೆಯಲ್ಲೂ ಇದೆ ಎಂದುಕೊಂಡಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ವರ್ಷಾನುಗಟ್ಟಲೆ "ನಾನು ಉಣ್ಣಾದೇ ಕಮ್ಮಿ, ಗಾಳಿ ಕುಡಿದ್ರೂ ಮೈ ಬರತೈತೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಅವತ್ತಿನಿಂದ ನುಂಗುವುದನ್ನು ಬಿಟ್ಟೆ. ಅಂಗೈಗೆ ಒಂದೇ ಹನಿ, ನಾಲಿಗೆ ತುದಿಗೆ ಮುಟ್ಟಿಸಿ, ಹಿತ್ತಲಿಗೆ ಹೋಗಿ ಉಗಿದು ಬಾಯಿ ಮುಕ್ಕಳಿಸಿ ಬರುವುದು. ಎದ್ದು ಹೋಗುವುದು, ಉಗಿಯುವುದು, ಬರುವುದು. ನೋಡಿದವರು ನನಗೇನೋ ಬಾಯಿ ಹುಣ್ಣೆಂದುಕೊಂಡರು. ಆದರೆ ತಕ್ಕಡಿ ಮುಳ್ಳು ಇಳಿಯತೊಡಗಿತು. ಎರಡು ತಿಂಗಳಿಗೆ ನೂರ ಎಂಟು. ಅಂಗಡಿಯವನು "ಸಣ್ಣ ಅಕ್ಕಿ ಚೀಲದಷ್ಟು ಕರಗಿದೀಯಲ್ಲಣ್ಣ" ಎಂದ. ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ತುಪ್ಪ ಅವಳು ದೀಪಕ್ಕಷ್ಟೇ ಬಳಸುವ ಕಾಲ ಬಂದಿತ್ತು.

ಜನರ ಕಾಟ ಬೇರೆ. ಪುಡಿ ಕುಡಿಯುವುದು ಕಂಡವರೆಲ್ಲ ವೈದ್ಯರಾದರು. ಒಬ್ಬರು ಜೀರಿಗೆ ನೀರು ಕುಡಿ ಎಂದರು, ಒಬ್ಬರು ಹುರುಳಿ ಕಟ್ಟು ಕುಡಿ ಎಂದರು. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನಂತೂ ನನ್ನ ಮುಖಕ್ಕೆ ಹೇಳದವನೇ ಪಾಪಿ. ಹೇಳಿದವರೆಲ್ಲ ಎರಡನೇ ಪಂಕ್ತಿಯಲ್ಲಿ ಮೂರನೇ ಹೋಳಿಗೆ ಕೇಳುತ್ತಿದ್ದವರು.

ಇಷ್ಟರಲ್ಲಿ ಬಾಗೂರಿನ ಬೀಗರೂಟ ಬಂತು. ಮದುವೆಯ ಮರುದಿನ ಗಂಡಿನ ಕಡೆಯವರನ್ನು ಕರೆಸಿ ಕುರಿ ಕಡಿದು ಬಡಿಸುವ ಊಟ. ಕುರಿ ಸಾಕುವ ಮನೆತನ, ತಮ್ಮ ಹಿಂಡಿನಿಂದಲೇ ಎಂಟು ಮರಿ ಆರಿಸಿಟ್ಟಿದ್ದರು. ಆ ಮನೆಯ ಯಜಮಾನರಿಗೆ ಇನ್ನೊಬ್ಬ ಮಗಳಿದ್ದಳು, ಅವಳ ಮದುವೆಯೂ ಅದೇ ಬೇಸಿಗೆಯಲ್ಲಿ ಐಮಂಗಲದಲ್ಲಿ. ಈ ಊಟ ಚೆನ್ನಾಗಾದರೆ ಆ ಮದುವೆಯೂ ನನಗೇ.

ನನ್ನ ಜೊತೆ ಮುದ್ದೆಗೆ ಬರುವವಳು ಮಾಡದಕೆರೆಯ ಅಕ್ಕ. ಅರವತ್ತು ದಾಟಿದರೂ ಕೋಲು ಹಿಡಿದು ನಿಂತರೆ ಹತ್ತು ಸೇರು ಹಿಟ್ಟನ್ನು ಒಂದು ಗಂಟಿಲ್ಲದೆ ತೊಳಸುತ್ತಾಳೆ. ನನ್ನ ಅಡಿಗೆಮನೆಯಲ್ಲಿ ಒಂದು ನಿಯಮವಿತ್ತು. ಮುದ್ದೆ ಅವಳದು, ಸಾರು ನನ್ನದು. ನನ್ನ ಕೊಪ್ಪರಿಗೆಯ ರುಚಿಯನ್ನು ಪಂಕ್ತಿ ಏಳುವ ತನಕ ಬೇರೆ ಯಾರೂ ನೋಡುವಂತಿಲ್ಲ. ಹತ್ತು ನಾಲಿಗೆ ಸೇರಿದರೆ ಸಾರು ಕೆಡುತ್ತದೆ ಎಂದು ನಾನೇ ಹಾಕಿದ ನಿಯಮ.

ಅವತ್ತು ಎಲ್ಲ ಸರಿಯಾಗೇ ನಡೆಯಿತು. ಕೊಬ್ಬರಿ, ಗಸಗಸೆ, ಧನಿಯ ಹುರಿದು ರುಬ್ಬಿಸಿದೆ. ಎಲುಬು ಮೊದಲು ಬೇಯಿಸಿ, ಮೆತ್ತನೆ ಮಾಂಸ ಆಮೇಲೆ ಬಿಟ್ಟೆ. ಉಪ್ಪು ಹಿಡಿ ಹಿಡಿಯಾಗಿ ಹಾಕುತ್ತ ಒಂದು ಹನಿ ನಾಲಿಗೆಗಿಟ್ಟೆ. ಹದವಾಗಿತ್ತು. ಇನ್ನೊಂದು ಹಿಡಿ ಹಾಕಲು ಕೈ ಹೋದದ್ದು ಹಿಂದೆ ಬಂತು. ಉಗಿದು ಬಂದು ಇನ್ನೊಮ್ಮೆ ನೋಡಿದೆ. ಹದವಾಗೇ ಇತ್ತು. ಹೋಗಿ ಕೈಕಾಲು ತೊಳೆದುಕೊಂಡೆ.

ಮೊದಲ ಪಂಕ್ತಿ ಕೂತು ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಒಬ್ಬ, "ಉಪ್ಪು ತರ್ರಿ" ಎಂದ. ಪಕ್ಕದವನೂ "ಇತ್ತ ಉಪ್ಪು" ಎಂದ. ಆಮೇಲೆ ಸಾಲಿಗೆ ಸಾಲೇ ಉಪ್ಪು, ಉಪ್ಪು ಎಂದು ಕೂಗಿತು. ಬಡಿಸುವವರು ಉಪ್ಪಿನ ಪಾತ್ರೆ ಹಿಡಿದು ಓಡಾಡಿದರು. ಗಂಡಿನ ಕಡೆಯ ಹಿರಿಯರೊಬ್ಬರು ಎಲೆ ಮೇಲಿನ ತುಂಡನ್ನು ಬೆರಳಲ್ಲಿ ತಳ್ಳಿ, ಎಲ್ಲರಿಗೂ ಕೇಳುವ ಹಾಗೆ, "ಬೀಗರು ಕುರೀನ ನೀರಾಗೆ ಈಜಾಡಿಸಿ ಬಡಿಸ್ಯಾರೆ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಯಜಮಾನರ ಮುಖ ಕಪ್ಪಿಟ್ಟಿತು.

ನಾನು ಒಳಗೆ ಹೋಗಿ ಮತ್ತೆ ಒಂದು ಹನಿ ನಾಲಿಗೆಗಿಟ್ಟೆ. ದೇವರಾಣೆ, ಸರಿಯಾಗಿತ್ತು! "ಇವರ ನಾಲಿಗೆಗೆ ಏನು ಬಂದಿದೆ?" ಎಂದು ಕೂಗಾಡಿದೆ. ಆಗ ಅಕ್ಕ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು, ನನ್ನ ಅಪ್ಪಣೆ ಕೇಳದೆ ಸೌಟೆತ್ತಿ ಅಂಗೈಗೆ ಬಿಟ್ಟುಕೊಂಡು ಹೀರಿದಳು.

"ಉಪ್ಪೇ ಇಲ್ಲ ಕಣಪ್ಪ."

"ಐತೆ ಅಕ್ಕ!"

"ನಿನಗೆ ಐತೆ. ನೀನು ಮೂರು ತಿಂಗಳಿಂದ ಸಪ್ಪೆ ಉಣ್ತಾ ಇದೀಯ. ನಿನಗೆ ಕಣ್ಣೀರೂ ಉಪ್ಪುಪ್ಪು ಅನ್ಸತೈತೆ ಈಗ. ಜನ ಏನ್ ಮಾಡ್ಯಾರೆ ಪಾಪ?"

ಅಕ್ಕ ಉಪ್ಪು ಕರಗಿಸಿದ ನೀರನ್ನು ಕೊಪ್ಪರಿಗೆಗೆ ಬಿಟ್ಟು ಕುದಿಸಿ ಎರಡನೇ ಪಂಕ್ತಿಗೆ ಸರಿಮಾಡಿದಳು. ಮೊದಲ ಪಂಕ್ತಿಯ ಮಾನ ಹೋಗಿದ್ದು ಹೋಯಿತು. ಬೀಗರು ಕೂತಿದ್ದು ಮೊದಲ ಪಂಕ್ತಿಯಲ್ಲೇ.

ಮನೆಗೆ ಬಂದವನೇ ಪುಡಿ ಡಬ್ಬಿಯನ್ನು ಅಟ್ಟದ ಮೇಲೆ ಎಸೆದೆ. "ಮದುವೆ ಕಾಲ ಮುಗಿಯಾ ತನಕ ಇದರ ಸುದ್ದಿ ಎತ್ತಬ್ಯಾಡ. ಆಷಾಢದಾಗೆ ಬೇಕಾದ್ರೆ ಕುಡೀತೀನಿ. ಅಡಿಗೆಯವನಿಗೆ ನಾಲಿಗೆನೇ ಇಲ್ಲ ಅಂದ್ಮೇಲೆ ಇನ್ನೇನೈತೆ?" ಎಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ಏಣಿ ಹಾಕಿ ಹತ್ತಿ ಡಬ್ಬಿ ಇಳಿಸಿದಳು. ಸೆರಗಿನಿಂದ ಅದರ ಧೂಳು ಒರೆಸುತ್ತ ಹೇಳಿದಳು:

"ಸಾರು ಸಪ್ಪೆ ಆದ್ರೆ ಉಪ್ಪು ಹಾಕಿದ್ರೆ ಸರಿಹೋಗತೈತೆ. ನಿಮಗೆ ಏನಾರ ಆದ್ರೆ ನಾನು ಏನ್ ಹಾಕಿ ಸರಿ ಮಾಡ್ಲಿ?"

ಕೆಮ್ಮಿದಾಗೆಲ್ಲ ಹೊಕ್ಕುಳ ಮೇಲೆ ಕೈಯಿಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿಹೋಗಿತ್ತು. ಅವಳು ಅದನ್ನು ದಿನವೂ ನೋಡುತ್ತಿದ್ದಳು. ನಾನು ಕೆಮ್ಮಿದರೆ ಪಕ್ಕದ ಕೋಣೆಯಿಂದ ಅವಳ ಕೈಬಳೆ ಸದ್ದು ನಿಲ್ಲುತ್ತಿತ್ತು.

ಎರಡು ದಿನ ಯೋಚಿಸಿದೆ. ಪುಡಿ ಬಿಟ್ಟರೆ ನಾಲಿಗೆ ಬರುತ್ತದೆ, ತೂಕವೂ ಬರುತ್ತದೆ. ಪುಡಿ ಕುಡಿದರೆ ತೂಕ ಹೋಗುತ್ತದೆ, ನಾಲಿಗೆಯೂ ಹೋಗುತ್ತದೆ. ಮೂರನೆಯ ದಾರಿ ಒಂದೇ ಇತ್ತು. ಅದು ನನ್ನ ಗಂಟಲಲ್ಲಿ ಇಳಿಯುವುದಕ್ಕೆ ಆ ಪುಡಿಗಿಂತ ಕಷ್ಟವಾಯಿತು. ಮೂರನೇ ದಿನ ಬೈಕು ಹತ್ತಿ ಮಾಡದಕೆರೆಗೆ ಹೋದೆ. ಅಕ್ಕ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಬಾರಪ್ಪ, ಕುಂತ್ಕ. ಮಜ್ಜಿಗೆ ಕೊಡ್ಲಾ? ಉಪ್ಪು ಹಾಕದೆ ಕೊಡ್ತೀನಿ."

"ಅಕ್ಕ, ಇನ್ಮೇಲೆ ರುಚಿ ನೀನು ನೋಡಬೇಕು."

ಅವಳು ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೊಪ್ಪರಿಗೇದಾ? ಹದಿನೈದು ವರ್ಷದಾಗೆ ಒಂದ್ ದಿನ ಮುಟ್ಟಾಕೆ ಬಿಟ್ಟಿದ್ಯಾ?"

"ತಪ್ಪಾಯ್ತು."

"ಆಮ್ಯಾಕೆ ನಾನು ಕಮ್ಮಿ ಅಂದ್ರೆ ನೀನು ಜಾಸ್ತಿ ಅಂತ ಜಗಳಕ್ಕೆ ಬರಂಗಿಲ್ಲ."

"ಬರಲ್ಲ."

"ಬರ್ತೀಯ. ನನಗೆ ಗೊತ್ತು. ಆದ್ರೂ ಬರ್ತೀನಿ ಹೋಗು."

ಬಾಗೂರಿಗೂ ಹೋಗಿ ಯಜಮಾನರ ಮುಂದೆ ಕೈಕಟ್ಟಿ ನಿಂತೆ. ಎರಡನೇ ಮಗಳ ಮದುವೆ ಅಡಿಗೆಯನ್ನು ಅವರು ಆಗಲೇ ಹಿರಿಯೂರಿನವರಿಗೆ ಹೇಳಿಬಿಡಬೇಕೆಂದಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹೊಕ್ಕುಳು, ಪುಡಿ, ಚೊಂಬು, ನಾಲಿಗೆ, ಒಂದನ್ನೂ ಮುಚ್ಚಿಡಲಿಲ್ಲ. ಇನ್ನು ಅಕ್ಕನೇ ರುಚಿ ನೋಡುತ್ತಾಳೆಂದೂ ಹೇಳಿದೆ. ಅವರು ಬೀಡಿ ಆರಿಸಿ, "ಆಯಮ್ಮ ರುಚಿ ನೋಡಂಗಿದ್ರೆ ಬರ್ರಿ. ಇಲ್ಲಾಂದ್ರೆ ಬರಬ್ಯಾಡ್ರಿ" ಎಂದರು. ಅಷ್ಟಾದರೂ ಸಿಕ್ಕಿತಲ್ಲ ಎಂದು ಬಂದೆ.

ಹೊಸ ಪದ್ಧತಿ ಹೀಗೆ ಶುರುವಾಯಿತು. ಖಾಲಿಯಾದ ಪುಡಿ ಡಬ್ಬಿಯ ಚಮಚವೇ ನನ್ನ ಉಪ್ಪಿನ ಅಳತೆ. ಒಂದು ಬಕೆಟ್ ಸಾರಿಗೆ ಇಷ್ಟು ಚಮಚ ಎಂದು ಹೋದ ಕಡೆಯೆಲ್ಲ ಅಡಿಗೆಮನೆ ಗೋಡೆಗೆ ಚೀಟಿ ಅಂಟಿಸಿದೆ. ಮುಕ್ಕಾಲು ಪಾಲು ಉಪ್ಪು ನಾನು ಅಳೆದು ಹಾಕುವುದು, ಉಳಿದದ್ದನ್ನು ಅಕ್ಕ ರುಚಿ ನೋಡಿ ಹಾಕುವುದು. ಅವಳಿಗೆ ನನ್ನ ಚಮಚ ಕಂಡರಾಗದು. "ಉಪ್ಪಿಗೆಲ್ಲ ಗಿಣಿ ಮೂತಿಯಂಥ ಚಮಚ ಹಿಡಿದ್ಯಲ್ಲೋ" ಎನ್ನುವಳು. ನಾನು "ಜಾಸ್ತಿ ಆಯ್ತು" ಎನ್ನುವೆ. ಅವಳು "ಉಗಿದು ಬಾ ಹೋಗು" ಎನ್ನುವಳು. ನಾಲ್ಕು ಮದುವೆ ಹೀಗೆ ಜಗಳದಲ್ಲೇ ಮುಗಿದವು. ನಾಲ್ಕರಲ್ಲೂ ಉಪ್ಪಿನ ಪಾತ್ರೆ ಕೇಳಿದವರಿಲ್ಲ. ಅದು ಇನ್ನೂ ಹೊಟ್ಟೆ ಉರಿಸಿತು.

ಐಮಂಗಲದ ಮದುವೆಯ ಹೊತ್ತಿಗೆ ಅಂಗಡಿಯ ತಕ್ಕಡಿಯಲ್ಲಿ ನೂರ ಒಂದು ಇದ್ದೆ. ಒಂದೇ ಕೆಜಿ. ಇನ್ನೊಂದು ವಾರ ಎಂದು ಡಯಟ್ ಮೇಡಂ ಫೋನಿನಲ್ಲಿ ಹೇಳಿದ್ದರು. ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪ. ಹೋಳಿಗೆ ಊಟ, ಬೇಳೆ ಕಟ್ಟಿನ ಸಾರು. ಅವತ್ತು ಊಟಕ್ಕೆ ಕೂರುವವರಲ್ಲಿ ಬಾಗೂರಿನ ಊಟಕ್ಕೆ ಬಂದಿದ್ದ ಅದೇ ಬೀಗರೂ ಇದ್ದರು. ಯಜಮಾನರು ಬೆಳಗ್ಗೆಯೇ ಅಡಿಗೆಮನೆಗೆ ಬಂದು ಅಕ್ಕನ ಕಡೆ ಒಮ್ಮೆ ನೋಡಿ ಹೋಗಿದ್ದರು.

ಸಾರು ಕುದಿಯುತ್ತಿತ್ತು. ಉಪ್ಪು ಇನ್ನೂ ಹಾಕಿರಲಿಲ್ಲ. ಪಕ್ಕದ ಒಲೆಗೆ ಬದಲಾಯಿಸಲು ಇಬ್ಬರು ಕೊಪ್ಪರಿಗೆ ಎತ್ತಿದರು. ನಾನು ದೂರ ನಿಂತು ಹೇಳುತ್ತಿದ್ದೆ, ಎತ್ತುವುದನ್ನು ಬಿಟ್ಟು ಆಗಲೇ ತಿಂಗಳುಗಳಾಗಿದ್ದವು. ಒಬ್ಬನ ಕೈಬಟ್ಟೆ ಜಾರಿತು. ಕೊಪ್ಪರಿಗೆ ವಾಲಿತು. ಆರುನೂರು ಜನರ ಸಾರು, ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತ ಕೂತ ಹೆಂಗಸರು. ಯೋಚಿಸುವುದಕ್ಕೆ ಹೊತ್ತೆಲ್ಲಿ? ಚೀಲ ಸಿಕ್ಕಿತು, ಅದನ್ನೇ ಹಿಡಿದು ಕೊಪ್ಪರಿಗೆಯ ಕಿವಿಗೆ ಕೈ ಕೊಟ್ಟು ಎತ್ತಿದೆ. ಕೊಪ್ಪರಿಗೆ ನೆಟ್ಟಗೆ ಕೂತಿತು. ನನ್ನ ಹೊಟ್ಟೆಯಲ್ಲಿ ಏನೋ ಚಳಕ್ ಎಂದಿತು.

ಕೈಯಿಟ್ಟು ನೋಡಿದೆ. ಗಡ್ಡೆ ಹೊರಗೆ ಬಂದಿತ್ತು. ಕಲ್ಲಿನಂತೆ ಗಟ್ಟಿ. ಮಲಗಿ ಒತ್ತಿದೆ, ಒಳಕ್ಕೆ ಹೋಗಲಿಲ್ಲ. ಬೆಳಗ್ಗೆ ಕುಡಿದಿದ್ದ ವೆನಿಲಾ ನೀರೆಲ್ಲ ವಾಂತಿಯಾಯಿತು. ಅಕ್ಕ ನನ್ನ ತಲೆ ಹಿಡಿದುಕೊಂಡಳು. ಯಜಮಾನರು ಓಡಿ ಬಂದು, ಮದುವೆಯನ್ನು ಬಿಟ್ಟು, ತಮ್ಮ ದೊಡ್ಡ ಅಳಿಯನ ಕಾರಿನಲ್ಲಿ ನನ್ನನ್ನು ಹಿಂದಿನ ಸೀಟಿಗೆ ಮಲಗಿಸಿ ಚಿತ್ರದುರ್ಗಕ್ಕೆ ಹೊರಡಿಸಿದರು. "ಹೋಗಾಣ, ಹೋಗಾಣ, ಬೇಗ ಬಿಡು ಲೇ" ಎಂದು ಅಳಿಯನನ್ನು ಗದರಿಸುತ್ತ ತಾವೂ ಹತ್ತಿ ಕೂತರು. ಧಾರೆಗೆ ಇನ್ನೂ ಹೊತ್ತಿತ್ತು, ಪುಣ್ಯ.

ಅರ್ಧ ದಾರಿಯಲ್ಲಿ ನೋವಿನ ನಡುವೆ ನೆನಪಾಯಿತು. ಫೋನು ತೆಗೆದು ಕೂಗಿದೆ, "ಅಕ್ಕ, ಸಾರಿಗೆ ಉಪ್ಪು ಹಾಕಿಲ್ಲ!"

"ಗೊತ್ತು ಕಣಪ್ಪ. ಬಾಯಿ ಮುಚ್ಕಂಡು ಮಲಕ್ಕ."

"ಚಮಚ ಕಿಟಕಿ ಮ್ಯಾಲೈತೆ, ಚೀಟಿ ಗೋಡೆಗೆ..."

"ಚಮಚ ನಿನ್ನ ತಲೆ ಮ್ಯಾಲೆ ಹಾಕ್ತೀನಿ. ಇಡು ಫೋನು!"

ಯಜಮಾನರು ನನ್ನ ಕೈಯಿಂದ ಫೋನು ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. "ಜೀವ ಹೋಗತೈತೆ ಅಂದ್ರೂ ಉಪ್ಪು ಅಂತೀಯಲ್ಲ ಮಾರಾಯ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಆಸ್ಪತ್ರೆಯಲ್ಲಿ ತೂಗಿದರು. ನೂರ ಒಂದು. "ಸಾರ್, ಇನ್ನೂ ಒಂದು ಕೆಜಿ ಜಾಸ್ತಿ ಐತೆ" ಎಂದೆ. ಆ ನೋವಿನಲ್ಲೂ ನನಗೆ ಅದೇ ಭಯ, ಮತ್ತೆ ವಾಪಸ್ಸು ಕಳಿಸುತ್ತಾರೆಂದು. ಡಾಕ್ಟರು, "ಸುಮ್ಮನೆ ಮಲಗಯ್ಯ" ಎಂದು ಗದರಿಸಿ, ಸೂಜಿ ಚುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಎರಡೂ ಕೈಯಿಂದ ಬಹಳ ಹೊತ್ತು ಮೆಲ್ಲಮೆಲ್ಲಗೆ ಒತ್ತಿ ಗಡ್ಡೆಯನ್ನು ಒಳಕ್ಕೆ ಕಳಿಸಿದರು. ಮರುದಿನ ಬೆಳಗ್ಗೆ ಆಪರೇಷನ್ ಆಯಿತು. ಆಮೇಲೆ ಹೆಂಡತಿಗೆ ಹೇಳಿದರಂತೆ, "ಐದು ತಿಂಗಳ ಹಿಂದಿನ ಹೊಟ್ಟೆ ಆಗಿದ್ರೆ ಕೈ ಹಾಕೋಕೆ ನಾನೇ ಹೆದರ್ತಿದ್ದೆ" ಎಂದು. ಅವಳು ಅದನ್ನು ನನಗೆ ಹೇಳುವಾಗ ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿ ಬಂತು. ಆ ಹಾಳು ಪುಡಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕೈಮುಗಿದಿದ್ದೇ ತಪ್ಪಾಯಿತು. ಬಾಯಿಗೆ ಏನಾದರೂ ಕೊಡಬಹುದೆಂದು ಡಾಕ್ಟರು ಹೇಳಿದಾಗ ಡಯಟ್ ಮೇಡಂ ನಗುತ್ತ ಒಳಗೆ ಬಂದರು. ಕೈಯಲ್ಲಿ ಲೋಟ. ವಾಸನೆ ಬಾಗಿಲಿಂದಲೇ ಬಂತು. ವೆನಿಲಾ!

ನಾಲ್ಕನೇ ದಿನ ಅಕ್ಕ ಬಂದಳು. ಮಾಡದಕೆರೆಯಿಂದ ಎರಡು ಬಸ್ಸು ಬದಲಾಯಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಚೊಂಬು ತಂದಿದ್ದಳು. ಹೊಳಲ್ಕೆರೆಯಲ್ಲಿ ನಾನು ರುಚಿ ತುಂಬಿಸಿದ್ದ ಅದೇ ಚೊಂಬು. ಒಳಗೆ ತಿಳಿಸಾರು. ಅಷ್ಟರಲ್ಲಿ ಮೇಡಂ ಸಾರಿನ ನೀರಿಗೆ ಒಪ್ಪಿಗೆ ಕೊಟ್ಟಿದ್ದರು.

"ಐಮಂಗಲದಾಗೆ ಏನಾಯ್ತಕ್ಕ?"

"ಏನಾಗ್ತೈತೆ? ಉಂಡ್ರು, ಎದ್ರು. ಬಾಗೂರಿನ ಬೀಗರ ಹಿರೀಕ ಮೂರು ಸಲ ಸಾರು ಹಾಕಿಸ್ಕಂಡ. ಆ ಉಪ್ಪಿನ ಪಾತ್ರೆ ಎತ್ತಿ ಹಿತ್ತಲಾಗಿಟ್ಟಿದ್ದೆ, ಯಾರೂ ಕೇಳಲಿಲ್ಲ. ಈಗ ಮಾತು ಸಾಕು, ಕುಡಿ."

ಬಟ್ಟಲಿಗೆ ಬಗ್ಗಿಸಿ ಕೊಟ್ಟಳು. ಅಭ್ಯಾಸ ಬಲ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನಾಲಿಗೆಗಿಟ್ಟೆ. ಉಗಿಯಲಿಲ್ಲ. ಹುಳಿ, ಖಾರ, ಇಂಗು, ಎಲ್ಲಕ್ಕಿಂತ ಮೇಲೆ ಉಪ್ಪು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಥ ಸಾರನ್ನು ನಾನು ಮಾಡಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

"ಅಕ್ಕ, ಜಗಳ ಇಲ್ಲ. ಉಪ್ಪು ಇವತ್ತು ಹದವಾಗೈತೆ. ಐಮಂಗಲದಾಗೂ ಇಷ್ಟೇ ಹಾಕಿದ್ಯಾ?"

ಅಕ್ಕ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದನ್ನ ಐಮಂಗಲದಾಗೆ ಬಡಿಸಿದ್ರೆ ಎಲೆ ಎತ್ತಿ ನನ್ನ ಮುಖಕ್ಕೆ ಎಸೀತಿದ್ರು ಕಣಪ್ಪ" ಎಂದಳು ಅಕ್ಕ. "ಇದು ನಿನಗೆ ಅಂತ ಬ್ಯಾರೆ ಮಾಡೀನಿ. ಉಪ್ಪು ಒಂದು ಚಿಟಿಕೆ. ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ?"

ಬಟ್ಟಲು ಕೆಳಗಿಟ್ಟೆ. ತಲೆದಿಂಬಿನ ಕೆಳಗೆ ಕೈಯಾಡಿಸಿದೆ. ಹೆಂಡತಿ ಪುಡಿ ಕದಡುವುದಕ್ಕೆಂದು ಹೊಸ ಡಬ್ಬಿಯ ಚಮಚವನ್ನು ಅಲ್ಲೇ ಇಟ್ಟಿದ್ದಳು, ನಾನು ಉಪ್ಪು ಅಳೆಯುತ್ತಿದ್ದಂಥದ್ದೇ. ಅದನ್ನು ತೆಗೆದು ಅಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಚೊಂಬು ಬಗ್ಗಿಸಿ ಉಳಿದ ಸಾರನ್ನೂ ನನಗೆ ಹಾಕಿದಳು.